ಸ.ಕಿ.ಪ್ರಾ. ಶಾಲೆ: ಐದಕ್ಕೆ ಮೂರೂವರೆ ಸ್ಟಾರ್

ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ, ಒಟ್ಟು ಮೂರೂವರೆ. ಊಟಕ್ಕೆ ನಾಲ್ಕೂವರೆ, ಒಂದು ಎರಡು ಮೂರ್ನೇ ಕ್ಲಾಸಿನ ಪಾಠಕ್ಕೆ ನಾಲ್ಕು, ನಾಲ್ಕು ಐದ್ನೇ ಕ್ಲಾಸಿಗೆ ಎರಡೂವರೆ, ಟಾಯ್ಲೆಟ್ಟಿಗೆ ಒಂದು, ಅದೂ ಬೀಗ ತೆಗ್ದಿದ್ರೆ. ಯಾವ ಸರ್ವಿಸ್ ಬಗ್ಗೆ ಅಂತೀರಾ, ಹಳ್ಳಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಬೋರ್ಡಲ್ಲಿ ಸ.ಕಿ.ಪ್ರಾ. ಶಾಲೆ ಅಂತ ಬರ್ದಿರುತ್ತಲ್ಲ ಅದು. ನಾನು ಓದಿದ್ದೂ ಅಲ್ಲೇ, ಈಗ ತಂಗಿ ಮಗ ಓದ್ತಿರೋದೂ ಅಲ್ಲೇ, ಅವನನ್ನ ಅಲ್ಲಿಗೆ ಹಾಕೋ ಮುಂಚೆ ಮನೇಲಿ ದೊಡ್ಡ ಪಂಚಾಯ್ತಿನೇ ಆಯ್ತು. ಊರ ಹೆಸ್ರು ಹಾಕಲ್ಲ, ಬರೆಯೋದ್ರಲ್ಲಿ ಮುಕ್ಕಾಲು ಪಾಲು ನಿಮ್ಮೂರ ಶಾಲೆಗೂ ಹೊಂದುತ್ತೆ, ಉಳಿದ ಕಾಲು ಪಾಲಿಂದ ಪಾಪ ಮೇಷ್ಟ್ರಿಗೆ ತೊಂದ್ರೆ ಆಗೋದು ಬೇಡ.

ಈ ಸ್ಕೂಲಿನ ಒಳ್ಳೇದು ಕೆಟ್ಟದ್ದು ಎರಡೂ ಅರ್ಥ ಆಗ್ಬೇಕಂದ್ರೆ ಸ್ವಲ್ಪ ಹಿಂದೆ ಹೋಗ್ಬೇಕು. ಸರ್ಕಾರಿ ಅಂತ ಕರೀತೀವಿ, ಆದ್ರೆ ಜಾಗ ಊರ್ದು, ಗೋಡೆ ಎಷ್ಟೋ ಕಡೆ ಊರೋರೇ ಎಬ್ಬಿಸಿದ್ದು, ಅಡುಗೆ ಮಾಡೋದು ಊರ ಹೆಂಗಸ್ರು, ಸಂಬಳ ಮಾತ್ರ ಸರ್ಕಾರದ್ದು. ಊರು ಇದನ್ನ ನಮ್ದು ಅಂದಾಗೆಲ್ಲ ಸರ್ವಿಸ್ ಚೆನ್ನಾಗಿ ನಡೆದಿದೆ, ಅವರ್ದು ಅಂದಾಗ ಕೆಟ್ಟಿದೆ. ನನ್ನ ರಿವ್ಯೂ ಇಷ್ಟೇ, ಮುಂದೆ ಓದೋದು ನಿಮ್ಮಿಷ್ಟ.

ಸರ್ಕಾರ ಸ್ಕೂಲ್ ತೆಗೆಯೋ ಮುಂಚೆ ಕೂಲಿಮಠ ಇತ್ತು. ಐಗಳು, ಅಂದ್ರೆ ಮೇಷ್ಟ್ರು, ಒಬ್ರು, ದೇವಸ್ಥಾನದ ಜಗಲಿನೋ ದೊಡ್ಡೋರ ಮನೆ ಪಡಸಾಲೆನೋ ಒಂದು ಜಾಗ, ಹುಡುಗ್ರು ಮರಳ ಮೇಲೆ ಬೆರಳಲ್ಲಿ ಅಕ್ಷರ ತಿದ್ದೋದು, ಮಗ್ಗಿ ಬಾಯಿಪಾಠ, ತಪ್ಪಿದ್ರೆ ಕೋದಂಡ, ಅಂದ್ರೆ ಹಗ್ಗಕ್ಕೆ ನೇತಾಡಿಸೋ ಶಿಕ್ಷೆ. ಐಗಳಿಗೆ ರಾಗಿ ಭತ್ತ, ಕೈಲಾದಷ್ಟು ಕಾಸು, ಮಾರ್ನಮಿ ಬಂದ್ರೆ ಹುಡುಗ್ರನ್ನ ಮನೆಮನೆಗೆ ಕರ್ಕೊಂಡೋಗಿ ಚೌಪದಿ ಹೇಳ್ಸಿ ಬಂದ ಕಾಣಿಕೆ, ಕರಾವಳಿ ಕಡೆ ಅದೇ ಥರದ್ದು ಹೂವಿನಕೋಲು. ಪೂರ್ತಿ ಗಿರಾಕಿ ಖರ್ಚಲ್ಲೇ ನಡೆಯೋ ಸರ್ವಿಸ್ಸು, ಪಾಠ ಸರಿ ಇಲ್ಲ ಅಂದ್ರೆ ನೇರವಾಗಿ ಕೇಳ್ಬಹುದಿತ್ತು. ಆದ್ರೆ ಕೇಳೋರು ಯಾರು, ಉಳ್ಳವರ ಮನೆ ಗಂಡುಹುಡುಗ್ರ ಅಪ್ಪಂದ್ರು. ಕೇರಿ ಮಕ್ಳು ಜಗಲಿ ಹತ್ತೋ ಹಾಗೇ ಇರ್ಲಿಲ್ಲ, ಹೆಣ್ಮಕ್ಳ ವಿಷ್ಯ ಬಿಡಿ. ಹಳೇ ಕಾಲದ ಶಿಕ್ಷಣ ಅಂದ್ರೆ ಚಿನ್ನ ಅಂತ ಫಾರ್ವರ್ಡ್ ಮಾಡೋ ಮಾವಂದ್ರು ಇದೊಂದು ಸಾಲು ಮಾತ್ರ ಯಾವಾಗ್ಲೂ ಬಿಟ್ಟಿರ್ತಾರೆ.

ಆಮೇಲೆ ಮೈಸೂರು ಸೀಮೆಲಿ 1868ರಲ್ಲಿ ಬಿ.ಎಲ್. ರೈಸ್ ಹೋಬಳಿ ಶಾಲೆ ಅಂತ ಸ್ಕೀಮ್ ತಂದ್ರು, ಶಾಸನಗಳನ್ನೆಲ್ಲ ಒಟ್ಟು ಮಾಡಿ ಎಪಿಗ್ರಾಫಿಯಾ ಕರ್ನಾಟಿಕಾ ಮಾಡಿದ್ರಲ್ಲ ಅದೇ ರೈಸ್, ವಿದ್ಯಾ ಇಲಾಖೆಲಿದ್ದೋರು. ಹೋಬಳಿಗೊಂದು ಶಾಲೆ ಇರ್ಬೇಕು ಅನ್ನೋದು ಯೋಚ್ನೆ. ಧಾರವಾಡದ ಕಡೆ ಕತೆ ಬೇರೆ, ಅಲ್ಲಿ ಕನ್ನಡ ಮಾತಾಡೋ ಊರಲ್ಲೂ ಮರಾಠಿ ಶಾಲೆ, ಅದನ್ನ ಕನ್ನಡಕ್ಕೆ ತಿರುಗಿಸೋಕೆ ಡೆಪ್ಯುಟಿ ಚನ್ನಬಸಪ್ಪನೋರಂಥವ್ರು ಇಲಾಖೆ ಒಳಗಿದ್ದೇ ಗುದ್ದಾಡಿದ್ರು. ಮಂಗಳೂರಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಳಿಗೆ ಅಂತ್ಲೇ ಶಾಲೆ ತೆಗೆದು ಸ್ವಂತ ಜಾತಿಯವ್ರ ಬಹಿಷ್ಕಾರ ತಿಂದ್ರು. 1913ರಲ್ಲಿ ವಿಶ್ವೇಶ್ವರಯ್ಯನವ್ರು ದಿವಾನ್ರಾಗಿದ್ದಾಗ ಮೈಸೂರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಏಕೀಕರಣ ಆದ್ಮೇಲೆ 1961ರಲ್ಲಿ ಇಡೀ ರಾಜ್ಯಕ್ಕೆ ಕಡ್ಡಾಯ ಶಿಕ್ಷಣ ಕಾಯ್ದೆ. ಕಾನೂನು ಕಾಗದದ ಮೇಲಿತ್ತು, ದನ ಕಾಯೋ ಹುಡುಗ ದನ ಕಾಯ್ತಾನೇ ಇದ್ದ, ಅದು ಬೇರೆ ಮಾತು.

ಈಗ ಕಟ್ಟಡಕ್ಕೆ ಬರ್ತೀನಿ. ಹಳೇ ಶಾಲೆ ಇದ್ರೆ ಒಂದು ಹೆಂಚಿನ ಹಾಲ್ ಇರುತ್ತೆ, ಅದರ ಪಕ್ಕ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಕಾಲದ್ದು ಎರಡು ರೂಮು (1987ರ ಕೇಂದ್ರದ ಸ್ಕೀಮು, ಪ್ರತಿ ಶಾಲೆಗೂ ಕನಿಷ್ಠ ಎರಡು ಕೋಣೆ ಇಬ್ರು ಟೀಚರು ಅಂತ), ಆಚೆ ಸರ್ವ ಶಿಕ್ಷಣ ಅಭಿಯಾನದ ಆರ್‌ಸಿಸಿ ರೂಮು. ಮಳೆಗಾಲದಲ್ಲಿ ಎಲ್ಲಕ್ಕಿಂತ ಜಾಸ್ತಿ ಸೋರೋದು ಆಮೇಲೆ ಕಟ್ಟಿದ್ದೇ, ಹೆಂಚಿಂದು ಒಂದು ಹೆಂಚು ಬದಲಾಯಿಸಿದ್ರೆ ಸರಿಹೋಗುತ್ತೆ, ಆರ್‌ಸಿಸಿಗೆ ಎಸ್ಟಿಮೇಟ್ ಆಗ್ಬೇಕು, ಫೈಲ್ ಓಡಾಡ್ಬೇಕು, ಅಷ್ಟೊತ್ತಿಗೆ ಬೇಸಿಗೆ ಬಂದಿರುತ್ತೆ. ಗೋಡೇಲಿ ಒಂದು ಕಲ್ಲು ಇರುತ್ತೆ ನೋಡಿ, ಜಾಗ ದಾನ ಕೊಟ್ಟೋರ ಹೆಸ್ರು ಕೆತ್ತಿರೋದು. ನಮ್ಮೂರಲ್ಲಿ ಆ ಕಲ್ಲೇ ದಾಖಲೆ, ಬೇರೆ ಏನೂ ಇಲ್ಲ. ಕೊಟ್ಟೋರು ಬಾಯಲ್ಲಿ ಹೇಳಿ ಕೊಟ್ಟಿದ್ರು, ಆ ಕಾಲದಲ್ಲಿ ಬಾಯಿ ಮಾತು ಸಾಕಿತ್ತು, ಈಗ ಅವರ ಮೊಮ್ಮಗ ಪಹಣಿ ಹಿಡ್ಕೊಂಡು ಬಂದು ಹಿಂದಿನ ಅರ್ಧ ನಂದು ಅಂತ ಬೇಲಿ ಹಾಕ್ದ. ಊರೋರು ಕೂತು ಮಾತಾಡಿ ಬೇಲಿ ತೆಗ್ಸಿದ್ರು ಅನ್ನಿ, ಆದ್ರೂ ಖಾತೆ ಇವತ್ತಿಗೂ ಶಾಲೆ ಹೆಸ್ರಿಗೆ ಆಗಿಲ್ಲ. ನಿಮ್ಮೂರಲ್ಲೂ ಒಂದ್ಸಲ ವಿಚಾರಿಸಿ, ಇದು ನಮ್ಮ ತಾಲ್ಲೂಕಲ್ಲೇ ಇನ್ನೂ ಎಷ್ಟೋ ಶಾಲೆಗಳ ಕತೆ, ರಸ್ತೆ ಪಕ್ಕದ ಜಾಗಕ್ಕೆ ರೇಟ್ ಬಂದಾಗಲೇ ಗೊತ್ತಾಗೋದು.

ಯಾರೂ ರಿವ್ಯೂ ಮಾಡದೇ ಇರೋ ಇನ್ನೊಂದು ಸರ್ವಿಸ್ ಇದೆ ಇಲ್ಲಿ, ದಾಖಲಾತಿ ರಿಜಿಸ್ಟರ್. ಕಬ್ಬಿಣದ ಬೀರುಲಿ ಇರೋ ದಪ್ಪ ಪುಸ್ತಕ. ಊರಲ್ಲಿ ಯಾರಿಗೆ ವಯಸ್ಸಿನ ದಾಖಲೆ ಬೇಕು, ಜಾತಿ ಸರ್ಟಿಫಿಕೇಟು ಬೇಕು, ಪೆನ್ಷನ್ ಬೇಕು, ಎಲ್ರೂ ಕೊನೆಗೆ ಬರೋದು ಅಲ್ಲಿಗೇ. ನನ್ನ ದೊಡ್ಡಪ್ಪ, ಅವರ ಜೊತೆ ಸೇರಿದ ಪೂರ್ತಿ ಬ್ಯಾಚು, ಎಲ್ರೂ ಹುಟ್ಟಿದ್ದು ಜೂನ್ ಒಂದ್ನೇ ತಾರೀಕು! ಹುಟ್ಟಿದ ದಿನ ಕೇಳಿದ್ರೆ ಅಮ್ಮಂದ್ರು ಕೆರೆ ಕೋಡಿ ಬಿದ್ದ ವರ್ಷ ಅಂತಲೋ ಜಾತ್ರೆ ಆಗಿ ಮೂರ್ ದಿನಕ್ಕೆ ಅಂತಲೋ ಹೇಳೋರು, ಹೆಡ್‌ಮೇಷ್ಟ್ರು ಮಗು ಮುಖ ನೋಡಿ ಒಂದು ಇಸವಿ ಹಾಕಿ ಮುಂದೆ 1-6 ಬರ್ದು ಮುಗಿಸೋರು. ಆ ಪುಸ್ತಕ ತಿರುವ್ತಾ ಹೋದ್ರೆ ಊರೇ ಕಾಣುತ್ತೆ, ಮೊದಲ ಪುಟಗಳಲ್ಲಿ ಪಟೇಲ್ರು ಶಾನುಭೋಗ್ರ ಮನೆ ಗಂಡುಮಕ್ಳು, ಆಮೇಲೆ ನಿಧಾನಕ್ಕೆ ಒಕ್ಲು ಮಕ್ಳು, ಎಷ್ಟೋ ಪುಟ ದಾಟಿದ್ಮೇಲೆ ಕೇರಿ ಹುಡುಗ್ರು, ಅದಕ್ಕೂ ಆಚೆಗೆ ಹೆಣ್ಮಕ್ಳು, ಷರಾದಲ್ಲಿ ದೀರ್ಘ ಗೈರುಹಾಜರಿ ಅಂತ ಹೆಸರು ತೆಗೆದಿರೋದು. ಈಚಿನ ಪುಟಗಳಲ್ಲಿ ಉಲ್ಟಾ, ಪಟೇಲ್ರ ಮನೆ ಹೆಸ್ರೇ ಇಲ್ಲ. ಈ ಪುಸ್ತಕಕ್ಕೆ ಗೆದ್ದಲು ಹಿಡೀತಿದೆ, ಯಾರಾದ್ರೂ ಸ್ಕ್ಯಾನ್ ಮಾಡ್ಸಿ ಇಡ್ರಪ್ಪ. ಸರ್ವಿಸ್ ಫಾಸ್ಟಾ ಅಂದ್ರೆ ಅದು ಹೆಡ್‌ಮೇಷ್ಟ್ರು ಆ ದಿನ ಮೀಟಿಂಗಿಗೆ ಹೋಗಿದಾರಾ ಇಲ್ವಾ ಅನ್ನೋದ್ರ ಮೇಲೆ.

ಊಟ. ಇಲ್ಲಿ ನಾನು ಸ್ವಲ್ಪ ಜಾಸ್ತಿನೇ ಬರೀತೀನಿ, ಬೇಜಾರಾದ್ರೆ ಕೆಳಗೆ ಹೋಗಿ. ನಮ್ಮಪ್ಪನ ಕಾಲದಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ಇತ್ತು, ಅಮೆರಿಕದಿಂದ ಬಂದ ಗೋಧಿದು, ಜೊತೆಗೆ ಹಾಲಿನ ಪುಡಿ, ಆ ವಯಸ್ಸಿನೋರು ಯಾರನ್ನೇ ಕೇಳಿ, ಪಾಠ ಮರ್ತಿರ್ತಾರೆ, ಆ ಉಪ್ಪಿಟ್ಟಿನ ವಾಸನೆ ಮರ್ತಿರಲ್ಲ. 1995ರಲ್ಲಿ ಕೇಂದ್ರದ ಸ್ಕೀಮ್ ಬಂತು, ಆದ್ರೆ ಬೇಯಿಸಿ ಹಾಕೋ ಬದಲು ಹಾಜರಾತಿ ಶೇಕಡ 80 ಇದ್ರೆ ತಿಂಗಳಿಗೆ 3 ಕೆ.ಜಿ. ಅಕ್ಕಿ. ಅಕ್ಕಿ ಮನೆಗೆ ಹೋಗೋದು, ಮಗು ಮಧ್ಯಾಹ್ನ ಹಸ್ಕೊಂಡೇ ಇರೋದು. 2001ರ ನವೆಂಬರಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಊಟನೇ ಕೊಡಿ ಅಂತ ಆದೇಶ ಮಾಡ್ತು, ನಮ್ಮಲ್ಲಿ 2002ರಲ್ಲಿ ಈಶಾನ್ಯ ಕರ್ನಾಟಕದ 7 ಜಿಲ್ಲೆಲಿ ಅಕ್ಷರ ದಾಸೋಹ ಶುರುವಾಗಿ ಮುಂದಿನ ವರ್ಷ ಉಳಿದ ಕಡೆಗೂ ಬಂತು. ಈಗ ನಿಯಮದ ಪ್ರಕಾರ ಐದ್ನೇ ಕ್ಲಾಸ್ ತನಕ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. 2013ರ ಆಗಸ್ಟಿಂದ ಕ್ಷೀರಭಾಗ್ಯ, 18 ಗ್ರಾಂ ಪುಡಿಯಿಂದ 150 ಎಂ.ಎಲ್. ಹಾಲು, 2024ರಿಂದ ರಾಗಿ ಮಾಲ್ಟೂ ಸೇರ್ತು, ಜೊತೆಗೆ ಮೊಟ್ಟೆ, ಮೊಟ್ಟೆ ತಿನ್ನದೋರಿಗೆ ಬಾಳೆಹಣ್ಣು. ಮೊಟ್ಟೆ ಕೊಟ್ರೆ ಏನೋ ಪ್ರಳಯ ಆಗುತ್ತೆ ಅಂತ ಟೀವಿಲಿ ಕೂತು ಚರ್ಚೆ ಮಾಡಿದ್ರಲ್ಲ, ಇಲ್ಲಿ ಬಂದು ನೋಡಿ, ಮೊಟ್ಟೆ ದಿನ ಒಬ್ಬನೂ ಗೈರಿಲ್ಲ.

ರುಚಿ ಹೇಗಿದೆ ಅಂದ್ರೆ, ಚೆನ್ನಾಗಿದೆ. ಹೋಟೆಲ್ ರುಚಿ ಅಲ್ಲ, ಸಾರು ಸ್ವಲ್ಪ ತೆಳು, ತೊಗರಿಬೇಳೆ ರೇಟ್ ಏರಿದಾಗ ಇನ್ನೂ ತೆಳು, ಆದ್ರೆ ಬಿಸಿ ಇರುತ್ತೆ, ಎರಡ್ನೇ ಸಲ ಕೇಳಿದ್ರೆ ಬಡಿಸ್ತಾರೆ. ನಮ್ಮೂರಲ್ಲಿ ಅಡುಗೆ ಮಾಡೋ ಅಕ್ಕಂದ್ರು ಇಬ್ರು, ಯಾವ ಮಗುವಿಗೆ ಖಾರ ಆಗಲ್ಲ, ಯಾವ ಮಗು ಬೆಳಗ್ಗೆ ತಿನ್ನದೇ ಬಂದಿದೆ ಅಂತ ಇಬ್ರಿಗೂ ಗೊತ್ತು, ಕೊಡೋ ಗೌರವಧನ ಕೇಳಿದ್ರೆ ನಾಚಿಕೆ ಆಗುತ್ತೆ, ಅದಕ್ಕೇ ಅವರು ಆಗಾಗ ಬೆಂಗಳೂರಿಗೆ ಹೋಗಿ ಫ್ರೀಡಂ ಪಾರ್ಕಲ್ಲಿ ಧರಣಿ ಕೂರೋದು. ಇನ್ನೊಂದು ವಿಷ್ಯ ಹೇಳ್ದೆ ಹೋದ್ರೆ ರಿವ್ಯೂ ಸುಳ್ಳಾಗುತ್ತೆ. ದಲಿತ ಹೆಣ್ಮಗಳು ಅಡುಗೆ ಮಾಡ್ತಾಳೆ ಅಂತ ಮಕ್ಳಿಗೆ ಊಟ ಬೇಡ ಅನ್ನೋದು, ಟಿ.ಸಿ. ತಗೊಂಡು ಹೋಗೋದು, ಈ ಸುದ್ದಿ ಇವತ್ತಿಗೂ ಪೇಪರಲ್ಲಿ ಬರ್ತಾನೇ ಇದೆ. ಕೂಲಿಮಠದ ಜಗಲಿ ಎಲ್ಲೂ ಹೋಗಿಲ್ಲ, ಅಡುಗೆಮನೆಗೆ ಶಿಫ್ಟ್ ಆಗಿದೆ ಅಷ್ಟೇ. ಆದ್ರೂ ಐವತ್ತು ಮಕ್ಳು ಒಂದೇ ಸಾಲಲ್ಲಿ ಕೂತು ಒಂದೇ ಪಾತ್ರೆ ಸಾರು ತಿನ್ನೋದು ನಮ್ಮೂರಲ್ಲಿ ಬೇರೆ ಎಲ್ಲೂ ಕಾಣಲ್ಲ, ಮದ್ವೆ ಮನೇಲೂ ಕಾಣಲ್ಲ. ಅರ್ಧ ಸ್ಟಾರ್ ಕಳೆದಿದ್ದು ಸಾರಿಗೆ, ಉಳಿದ ನಾಲ್ಕೂವರೆ ಆ ಸಾಲಿಗೆ.

ಪಾಠದ ವಿಷ್ಯ. ಒಂದರಿಂದ ಮೂರು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನ ನೋಡ್ಕೊಂಡು ಬಂದು ಯುನಿಸೆಫ್ ಸಹಾಯದಲ್ಲಿ ಶುರು ಮಾಡಿದ್ದು ಇದು, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬೆಂಚಿಲ್ಲ, ಮಕ್ಳು ಗುಂಪು ಗುಂಪಾಗಿ ಕೂರ್ತಾರೆ, ಆ ಗುಂಪಿಗೆ ತಟ್ಟೆ ಅಂತಾರೆ, ಕಾರ್ಡ್ ಎತ್ಕೊಂಡು ಕಲಿಕಾ ಏಣಿ ಮೇಲೆ ತಮ್ಮ ಸ್ಪೀಡಲ್ಲಿ ಮೆಟ್ಲು ಮೆಟ್ಲು ಹತ್ತೋದು, ಗೋಡೆ ಕೆಳಗಡೆ ಮಕ್ಳ ಎತ್ತರಕ್ಕೆ ಕಪ್ಪು ಬಣ್ಣ ಬಳಿದಿರ್ತಾರೆ, ಮೇಲೆ ದಾರ ಕಟ್ಟಿ ಅವರು ಮಾಡಿದ ಚಿತ್ರ ನೇತಾಕಿರ್ತಾರೆ. ಮೊದ್ಲ ಸಲ ನೋಡಿದೋರಿಗೆ ಗಲಾಟೆ ಅನ್ಸುತ್ತೆ, ನಮ್ಮಮ್ಮ ಒಳಗೆ ಇಣುಕಿ ನೋಡಿ ಇದೇನು ಸಂತೆ ಅಂದ್ರು. ಆದ್ರೆ ತಂಗಿ ಮಗ ಎರಡ್ನೇ ಕ್ಲಾಸ್ ಮುಗಿಯೋ ಹೊತ್ತಿಗೆ ಬಸ್ ಬೋರ್ಡು, ಔಷಧಿ ಅಂಗಡಿ ಬೋರ್ಡು, ಸತ್ತೋರ ಬ್ಯಾನರು ಎಲ್ಲ ಗಟ್ಟಿಯಾಗಿ ಓದ್ತಿದ್ದ. ಮೇಡಂ ಚೆನ್ನಾಗಿ ಮಾಡಿದ್ರೆ ಇದಕ್ಕಿಂತ ಒಳ್ಳೇದು ಯಾವ ದುಡ್ಡಿನ ಸ್ಕೂಲಲ್ಲೂ ಇಲ್ಲ. ಮಾಡದೇ ಹೋದ್ರೆ ಕಾರ್ಡೆಲ್ಲ ಟ್ರಂಕಲ್ಲಿ, ಮಕ್ಳು ಬಯಲಲ್ಲಿ.

ನಾಲ್ಕು ಐದಕ್ಕೆ ಬಂದ್ರೆ ಕುಂಟುತ್ತೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲಿಂದ ಜಾರಿಲಿದೆ, ಅದರ ಲೆಕ್ಕದಲ್ಲಿ 60 ಮಕ್ಳ ತನಕ ಇಬ್ರು ಟೀಚರು. ಐದು ಕ್ಲಾಸು, ಇಬ್ರು ಟೀಚರು, ಅದರಲ್ಲಿ ಒಬ್ರೇ ಹೆಡ್ಡು, ಅಕ್ಕಿ ಲೆಕ್ಕ ಮೊಟ್ಟೆ ಲೆಕ್ಕ ಹಾಲಿನ ಲೆಕ್ಕ ಎಲ್ಲ ಆಪಲ್ಲಿ ಹಾಕ್ಬೇಕು, ನೆಟ್‌ವರ್ಕ್ ಬರೋದು ಧ್ವಜಕಂಬದ ಹತ್ರ ಮಾತ್ರ. ಮೇಲೆ ಎಲೆಕ್ಷನ್ನು ಜನಗಣತಿ, ಅದಕ್ಕೆ ಬಳಸ್ಕೊಳ್ಳಿ ಅಂತ ಕಾಯ್ದೆನೇ ಬಿಟ್ಕೊಟ್ಟಿದೆ. 2025ರಲ್ಲಿ ಜಾತಿ ಸಮೀಕ್ಷೆಗೆ ಅಂತ ದಸರಾ ರಜೆನ ಅಕ್ಟೋಬರ್ 18ರವರೆಗೆ ಎಳೆದ್ರಲ್ಲ, ವ್ಯಾನಲ್ಲಿ ಮಕ್ಳನ್ನ ಕರ್ಕೊಂಡೋಗೋ ಖಾಸಗಿ ಸ್ಕೂಲಿನೋರು ಪಾಠ ಮಾಡ್ತಿದ್ರು, ನಮ್ಮ ಹುಡುಗ್ರು ಕೆರೆ ಏರಿ ಮೇಲೆ ಗೋಲಿ ಆಡ್ತಿದ್ರು. ಇದರಲ್ಲಿ ಮೇಷ್ಟ್ರ ತಪ್ಪೇನಿದೆ, ಅವ್ರು ಮನೆಮನೆ ಅಲೆದು ಕಾಲು ಊದಿಸ್ಕೊಂಡಿದ್ರು. ಆದ್ರೆ ರಿವ್ಯೂ ಬರೆಯೋನು ನೋಡ್ಬೇಕಾಗಿದ್ದು ಮಗುವಿಗೆ ಏನು ಸಿಕ್ತು ಅನ್ನೋದು, ಹಂಗಾಗಿ ಎರಡೂವರೆ.

ಈಗ ಎಲ್ಲಾದ್ರ ಬೇರಿಗೆ ಬರೋಣ, ಹಳದಿ ವ್ಯಾನ್. ಬೆಳಗ್ಗೆ ಎಂಟಕ್ಕೆ ಊರ ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತೆ, ಟೈ ಕಟ್ಟಿದ ಮಕ್ಳು ಹತ್ಕೊಂಡು ಖಾಸಗಿ ಇಂಗ್ಲಿಷ್ ಸ್ಕೂಲಿಗೆ ಹೋಗ್ತಾವೆ. 1994ರಲ್ಲಿ ಸರ್ಕಾರ ನಾಲ್ಕ್ನೇ ಕ್ಲಾಸ್ ತನಕ ಮಾತೃಭಾಷೆ ಇಲ್ಲಾ ಕನ್ನಡದಲ್ಲೇ ಪಾಠ ಅಂತ ಆದೇಶ ಮಾಡ್ತು, ಕೇಸು ಇಪ್ಪತ್ತು ವರ್ಷ ಓಡಿ 2014ರಲ್ಲಿ ಸುಪ್ರೀಂ ಕೋರ್ಟಲ್ಲಿ ಸೋತ್ವಿ, ಮಾಧ್ಯಮ ಹೇರೋ ಹಾಗಿಲ್ಲ ಅಂತಾಯ್ತು. ಅಷ್ಟರಲ್ಲೇ ಆರ್‌ಟಿಇ, ಅಂದ್ರೆ ಅದೇ ಶಿಕ್ಷಣ ಹಕ್ಕು ಕಾಯ್ದೆ, ಅದರ ಸೀಟು ಬಂದಿತ್ತು, ಖಾಸಗಿ ಸ್ಕೂಲಲ್ಲಿ ಶೇಕಡ 25, ಫೀಸು ಸರ್ಕಾರ ಕಟ್ಟೋದು. ಬಡವ್ರಿಗೆ ಅನುಕೂಲ ಹೌದು, ಆದ್ರೆ ನಮ್ಮೂರಂಥ ಕಡೆ ಸರ್ಕಾರನೇ ದುಡ್ಡು ಕೊಟ್ಟು ತನ್ನ ಶಾಲೆ ಮಕ್ಳನ್ನ ಪಕ್ಕದ ಊರಿಗೆ ಕಳಿಸ್ದಂಗಾಯ್ತು, ಕೊನೆಗೆ 2019ರಲ್ಲಿ ಹತ್ರದಲ್ಲಿ ಸರ್ಕಾರಿ ಶಾಲೆ ಇದ್ರೆ ಖಾಸಗಿ ಸೀಟಿಲ್ಲ ಅಂತ ನಿಯಮ ತಿದ್ದಿದ್ರು. ಅದೇ ವರ್ಷ 1000 ಸರ್ಕಾರಿ ಶಾಲೇಲಿ ಇಂಗ್ಲಿಷ್ ಮೀಡಿಯಮ್ಮೂ ತೆಗೆದ್ರು. ನಂಗನ್ನಿಸೋದು, ಹೋಗೋರು ಅಷ್ಟೊತ್ತಿಗೆ ಹೋಗಿ ಆಗಿತ್ತು.

ಮೊದ್ಲು ಹೋದೋರು ಯಾರು ಅಂತ ನೋಡಿ. ಹಾಲಿನ ಡೈರಿ ಸೆಕ್ರೆಟರಿ ಮಕ್ಳು, ಪಂಚಾಯ್ತಿ ಮೆಂಬರ್ ಮಕ್ಳು, ಸೊಸೈಟಿ ಅಧ್ಯಕ್ಷರ ಮೊಮ್ಮಕ್ಳು, ಅಷ್ಟೇ ಯಾಕೆ ಅದೇ ಸ್ಕೂಲಲ್ಲಿ ಪಾಠ ಮಾಡೋ ಎಷ್ಟೋ ಮೇಷ್ಟ್ರ ಮಕ್ಳು. ಅಂದ್ರೆ ಬಿಇಓ ಆಫೀಸಿಗೆ ಫೋನ್ ಮಾಡಿ ಸಾರ್ ಟೀಚರ್ ಬಂದಿಲ್ಲ ಅಂತ ಗದರಿಸೋ ಶಕ್ತಿ ಇರೋರೆಲ್ಲ ಹೋದ್ರು. ಉಳಿದವ್ರು ಕೂಲಿಗೆ ಹೋಗೋರು, ಟೀಚರ್ ಬಂದಿಲ್ಲ ಅಂತ ಗೊತ್ತಾಗೋದೇ ಸಂಜೆ ಮನೆಗೆ ಬಂದ್ಮೇಲೆ, ಗೊತ್ತಾದ್ರೂ ಅವರ ಫೋನ್ ಯಾರೆತ್ತುತ್ತಾರೆ. ಹೋಟೆಲಿಂದ ದುಡ್ಡಿರೋ ಗಿರಾಕಿ ಎದ್ದು ಹೋದ್ರೆ ಓನರ್‌ಗೆ ಬಿಸಿ ತಟ್ಟುತ್ತೆ, ಇಲ್ಲಿ ಗಿರಾಕಿ ಹೋದ್ರೆ ಯಾರಿಗೂ ಏನೂ ಆಗಲ್ಲ, ಮಕ್ಳ ಸಂಖ್ಯೆ ಕಮ್ಮಿ ಆಯ್ತು ಅಂತ ಇನ್ನೊಬ್ಬ ಟೀಚರನ್ನ ಹೆಚ್ಚುವರಿ ಅಂತ ಬೇರೆ ಕಡೆ ಹಾಕ್ತಾರೆ ಅಷ್ಟೇ.

ತಮಾಷೆ ಏನು ಗೊತ್ತಾ, ಊರ ಕೈಗೆ ಶಾಲೆ ಕೊಡೋಕೆ ಒಳ್ಳೇ ವ್ಯವಸ್ಥೆನೇ ಮಾಡಿದ್ರು. ರಾಜಾ ರಾಮಣ್ಣನವ್ರ ಕಾರ್ಯಪಡೆ ಶಿಫಾರಸು ಮಾಡಿ 2001ರಲ್ಲಿ ಎಸ್‌ಡಿಎಂಸಿ ಬಂತು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಆಮೇಲೆ ಶಿಕ್ಷಣ ಹಕ್ಕು ಕಾಯ್ದೆನೂ ಇಂಥ ಸಮಿತೀಲಿ ಮುಕ್ಕಾಲು ಭಾಗ ಪೋಷಕರು, ಒಟ್ಟಲ್ಲಿ ಅರ್ಧ ಹೆಂಗಸರು ಇರ್ಬೇಕು ಅಂತು. ಅಂದ್ರೆ ಆ ಶಾಲೇಲಿ ಮಗು ಇದ್ರೆ ಮಾತ್ರ ಕುರ್ಚಿ. ಬಾಯಿ ಇರೋರ ಮಗು ಇಲ್ಲ, ಮಗು ಇರೋರಿಗೆ ಬಾಯಿ ಕೊಟ್ಟಿಲ್ಲ. ಈಗಿನ ಅಧ್ಯಕ್ಷೆ ಒಬ್ರು ಅಕ್ಕ, ರೇಷ್ಮೆ ಗೂಡು ಬಿಡಿಸೋಕೆ ಹೋಗೋರು, ಮೊದ್ಲೆಲ್ಲ ಹೆಡ್‌ಮೇಷ್ಟ್ರು ಹೇಳಿದ ಕಡೆ ಸೈನ್ ಹಾಕೋರು ಅಷ್ಟೇ, ಒಂದಿನ ನೀರಿನ ಟ್ಯಾಂಕ್ ತೊಳೆದಿಲ್ಲ ಅಂತ ಸೈನ್ ಹಾಕೋದು ನಿಲ್ಸಿದ್ರು. ಮಾರನೇ ದಿನ ಟ್ಯಾಂಕ್ ತೊಳೆದ್ರು. ಮೂರರಿಂದ ಮೂರೂವರೆಗೆ ಹೋಗಿದ್ದು ಆ ಅಕ್ಕನಿಂದ.

ಕೊರೊನಾ ವರ್ಷನೂ ಹೇಳ್ಬೇಕು. 2020ರ ಆಗಸ್ಟಲ್ಲಿ ವಿದ್ಯಾಗಮ ಅಂತ ಮಾಡಿದ್ರು, ಮಕ್ಳು ಶಾಲೆಗೆ ಬರೋ ಹಾಗಿಲ್ಲ, ಮೇಷ್ಟ್ರೇ ಮಕ್ಳ ಹತ್ರ ಹೋಗಿ ಮರದ ಕೆಳಗೆ, ಗುಡಿ ಜಗಲಿ ಮೇಲೆ ಪಾಠ. ಸೋಂಕಿನ ಭಯಕ್ಕೆ ಅಕ್ಟೋಬರಲ್ಲಿ ನಿಲ್ಸಿದ್ರು, ಅದು ಸರಿನೇ ಇರ್ಬಹುದು. ಆದ್ರೆ ಆ ಎರಡು ತಿಂಗ್ಳು ಮೇಷ್ಟ್ರು ಏನು ಪಾಠ ಮಾಡ್ತಾರೆ ಅಂತ ಇಡೀ ಊರು ನೋಡ್ತು, ಅಜ್ಜಿಯರು ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸ್ತಾ ಕೇಳಿಸ್ಕೊಂಡ್ರು, ವ್ಯಾನ್ ಸ್ಕೂಲ್ ಮಕ್ಳೂ ಬಂದು ಕೂತ್ವು, ಅವರ ಮೊಬೈಲ್ ಕ್ಲಾಸಿಗೆ ನೆಟ್‌ವರ್ಕೇ ಇರ್ಲಿಲ್ವಲ್ಲ. ಮುಂದಿನ ವರ್ಷ ಒಂದಷ್ಟು ಮಕ್ಳು ವಾಪಸ್ ಸೇರಿದ್ರು, ಅಪ್ಪಂದ್ರಿಗೆ ಫೀಸ್ ಕಟ್ಟೋಕಾಗ್ದೆ ಅಂತ ಒಂದು ಕಾರಣ, ಪಾಠ ಕಣ್ಣಾರೆ ನೋಡಿದ್ದು ಇನ್ನೊಂದು. ಮತ್ತೆ ಕೈಲಿ ದುಡ್ಡಾಡಿದ್ಮೇಲೆ ಕೆಲವ್ರು ವ್ಯಾನ್ ಹತ್ತಿದ್ರು, ಕೆಲವ್ರು ಉಳಿದ್ರು.

ಹಳೇ ವಿದ್ಯಾರ್ಥಿಗಳು ಅನ್ನೋ ನಮ್ಮಂಥವ್ರ ಬಗ್ಗೆ ಜಾಸ್ತಿ ಹೊಗಳಿಕೆ ಬೇಡ. ದುಡ್ಡು ಸೇರ್ಸಿದ್ವಿ, ಗೇಟಿಗೆ ದೊಡ್ಡ ಕಮಾನು ಕಟ್ಸಿದ್ವಿ, ದಾನಿಗಳ ಹೆಸ್ರು ಗ್ರಾನೈಟಲ್ಲಿ, ಟಾಯ್ಲೆಟ್ಟಿಗೆ ನೀರಿನ ಪೈಪ್ ಎಳೆಯೋಕೆ ದುಡ್ಡು ಉಳೀಲಿಲ್ಲ. ಮಂಗಳೂರ ಹತ್ರ ಹರೇಕಳ ಹಾಜಬ್ಬ ಅಂತ ಇದ್ದಾರಲ್ಲ, ಬುಟ್ಟೀಲಿ ಕಿತ್ತಳೆ ಹಣ್ಣು ಮಾರ್ತಿದ್ದೋರು, ವಿದೇಶದೋರು ಇಂಗ್ಲಿಷಲ್ಲಿ ಹಣ್ಣಿನ ರೇಟ್ ಕೇಳಿದಾಗ ಉತ್ರ ಕೊಡೋಕಾಗ್ಲಿಲ್ಲ ಅಂತ ತಮ್ಮೂರ ನ್ಯೂಪಡ್ಪುಗೆ ಶಾಲೆ ತರ್ಬೇಕು ಅಂತ ಆಫೀಸು ಆಫೀಸು ಅಲೆದು 2000ನೇ ಇಸವೀಲಿ 28 ಮಕ್ಳ ಜೊತೆ ಶುರು ಮಾಡ್ಸಿದ್ರು, 2020ರಲ್ಲಿ ಪದ್ಮಶ್ರೀ ಘೋಷಣೆ ಆಯ್ತು. ಅವರ ಫೋಟೋ ಸ್ಟೇಟಸ್ ಹಾಕ್ಕೊಂಡೋರು ನಮ್ಮೂರಲ್ಲೂ ತುಂಬ ಜನ, ಅವರಲ್ಲಿ ಹೆಚ್ಚಿನೋರ ಮಕ್ಳು ವ್ಯಾನಲ್ಲೇ.

ಯಾರಿಗೆ ಈ ಸರ್ವಿಸ್ ಸರಿ ಅಂದ್ರೆ, ಶಾಲೆ ಹತ್ರ ಹೋಗಿ ಬಂದು ಮಾಡೋಕೆ ಮನೇಲಿ ಒಬ್ರಾದ್ರೂ ಇರೋರಿಗೆ. ಹಾಕಿ ಮರ್ತುಬಿಡ್ತೀನಿ ಅನ್ನೋರಿಗೆ ಅಲ್ಲ. ಸೇರ್ಸೋ ಮುಂಚೆ ಬೋರ್ಡು ಪೇಂಟು ಸ್ಮಾರ್ಟ್ ಟಿವಿ ನೋಡ್ಬೇಡಿ, ಮೂರ್ನೇ ಕ್ಲಾಸಿನ ಯಾವುದಾದ್ರೂ ಮಗು ಕೈಲಿ ಆವತ್ತಿನ ಪೇಪರ್ ಕೊಟ್ಟು ಓದ್ಸಿ, ಆಮೇಲೆ ಅಡುಗೆಮನೆಗೆ ಹೋಗಿ ಬೇಳೆ ಡಬ್ಬ ನೋಡಿ, ಆಮೇಲೆ ಖಾಯಂ ಟೀಚರ್ ಎಷ್ಟು ಅತಿಥಿ ಶಿಕ್ಷಕರು ಎಷ್ಟು ಅಂತ ಕೇಳಿ, ಯಾಕಂದ್ರೆ ಅತಿಥಿಗಳು ಎಷ್ಟು ಚೆನ್ನಾಗಿ ಪಾಠ ಮಾಡಿದ್ರೂ ಮುಂದಿನ ವರ್ಷ ಇರ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಫೀಸಿಲ್ಲ, ಪುಸ್ತಕ ಯೂನಿಫಾರ್ಮ್ ಅವರೇ ಕೊಡ್ತಾರೆ, ಯೂನಿಫಾರ್ಮ್ ಅಳತೆ ಯಾವಾಗ್ಲೂ ಒಂದು ಸೈಜ್ ದೊಡ್ದು, ಟೈಲರ್ ಹತ್ರ ಕೊಡ್ಬೇಕಾಗುತ್ತೆ. ಶಾಲೆ ತೆಗೆಯೋದು ಮೇ ಕೊನೇಲಿ, ಜನನ ಪ್ರಮಾಣಪತ್ರ ಆಧಾರ್ ತಗೊಂಡೋಗಿ. ಎಸ್‌ಡಿಎಂಸಿಗೆ ಪೋಷಕರ ಸಭೆ ಕರೆದಾಗ ಕೂಲಿ ಬಿಟ್ಟಾದ್ರೂ ಹೋಗಿ ಕೂರಿ, ಟ್ಯಾಂಕ್ ತೊಳೆದಿದಾರಾ ಅಂತ ಕೇಳಿ.